ಕೋವಿಯ ಮೂಗುಬೊಟ್ಟು

ಸೋದರಿಯರೇ, ಕೋವಿಯ ವಿಷಯ ಎಂದ ಕೂಡಲೇ ಪುಟ ತಿರುವಿ ಉಪ್ಪಿನಕಾಯಿಯ ಅಂಕಣಕ್ಕೆ ಹೋಗಿಬಿಡಬೇಡಿ! ನಾನೂ ನಿಮ್ಮ ಹಾಗೆಯೇ ಎಸ್ಸೆಸ್ಸೆಲ್ಸಿಯವರೆಗೆ ಓದಿ, ಮದುವೆಯಾಗಿ, ಒಲೆ ಒರಳು ಮಕ್ಕಳು ಎಂದು ೨೪ ವರ್ಷ ಕಳೆದವಳು. ನಿಮ್ಮ ಮನೆಯಲ್ಲಿ ಕುಕ್ಕರಿನ ಗ್ಯಾಸ್ಕೆಟ್ಟು ಹೋಗುತ್ತದೆ, ಸ್ಟವ್ವಿನ ಗುಂಡಿ ಮುರಿಯುತ್ತದೆ. ನಮ್ಮ ಮನೆಯಲ್ಲಿ ಹೋದ ವರ್ಷ ಮುರಿದದ್ದು ಕೋವಿಯ ತುದಿಯಲ್ಲಿದ್ದ ಒಂದು ಹಿತ್ತಾಳೆ ಮಣಿ. ಸಾಸಿವೆಗಿಂತ ದೊಡ್ಡದು, ಕರಿಮೆಣಸಿಗಿಂತ ಚಿಕ್ಕದು. ಅಷ್ಟು ಸಣ್ಣ ವಸ್ತು ನನಗೆ ಹನ್ನೆರಡು ದಿನ ನಿದ್ದೆ ಇಲ್ಲದ ಹಾಗೆ ಮಾಡಿತು ಎಂದರೆ ನಂಬುತ್ತೀರಾ?

ನನ್ನ ತವರು ಸುಳ್ಯದ ಕಡೆ. ಮದುವೆಯಾಗಿ ಬಂದದ್ದು ಕೊಡಗಿನ ಜಮ್ಮಾ ಕುಟುಂಬಕ್ಕೆ. ಬೇರೆ ಊರುಗಳಲ್ಲಿ ಕೋವಿ ಇಟ್ಟುಕೊಳ್ಳಲು ಲೈಸೆನ್ಸ್ ಬೇಕು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ವಿನಾಯ್ತಿ ಇದೆ. ೨೦೧೯ರಲ್ಲಿ ಕೇಂದ್ರ ಸರ್ಕಾರ ಅದನ್ನು ೨೦೨೯ರವರೆಗೆ ಮುಂದುವರಿಸಿತು. ೨೦೨೧ರಲ್ಲಿ ನಮ್ಮ ರಾಜ್ಯದ ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ಹಾಗಾಗಿ ಇಲ್ಲಿ ಕೋವಿ ಎಂದರೆ ಮನೆಯ ಒಬ್ಬ ಹಿರಿಯನಿದ್ದ ಹಾಗೆ. ಸೆಪ್ಟೆಂಬರ್ ೩ರ ಸುಮಾರಿಗೆ, ಗದ್ದೆಯ ನಾಟಿ ಮುಗಿದ ಮೇಲೆ, ಕೈಲ್ ಮುಹೂರ್ತದ ದಿನ ಅದಕ್ಕೆ ಪೂಜೆ. ಗಂಧ ಹಚ್ಚಿ, ನಳಿಗೆಗೆ ಕೆಂಪು ಹಳದಿಯ ತೋಕ್ ಪೂ ಸಿಕ್ಕಿಸುತ್ತಾರೆ. ನಿಮ್ಮ ಕಡೆ ಗೌರಿ ಹೂ ಎನ್ನುತ್ತಾರಲ್ಲ, ಅದೇ. ಮನೆ ತುಂಬ ಕಡಂಬುಟ್ಟು, ಹಂದಿ ಸಾರಿನ ಘಮ. ಆಮೇಲೆ ಊರೂರಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ.

ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು. ಇದು ಇಲ್ಲಿನ ಪದ್ಧತಿ. ನನ್ನ ಮಗ ಹುಟ್ಟಿದಾಗ ಮಾವನವರು ಅಂಗಳಕ್ಕೆ ಇಳಿದು ಒಂದು ಗುಂಡು ಹಾರಿಸಿದ್ದರು. ಅವನಿಗಿಂತ ಮೂರು ವರ್ಷ ಮುಂಚೆ ಮಗಳು ಹುಟ್ಟಿದಾಗ ಕೋವಿ ಗೂಟದ ಮೇಲೆಯೇ ಇತ್ತು. ನಾನು ಅದನ್ನು ಯಾರಿಗೂ ಆಡಿ ತೋರಿಸಿದವಳಲ್ಲ. ಆದರೆ ಮರೆತವಳೂ ಅಲ್ಲ.

ಆ ಕೋವಿ ಒಂಟಿ ನಳಿಗೆಯದು, ಹನ್ನೆರಡು ಬೋರಿನದು. ಬೋರ್ ಎಂದರೇನು ಎಂದು ಮಾವನವರೇ ನನಗೆ ಹೇಳಿಕೊಟ್ಟಿದ್ದರು. ಒಂದು ಪೌಂಡು ಸೀಸವನ್ನು ಹನ್ನೆರಡು ಸಮ ಗುಂಡು ಮಾಡಿದರೆ, ಅದರಲ್ಲಿ ಒಂದು ಗುಂಡು ಹಿಡಿಸುವಷ್ಟು ಅಗಲದ ನಳಿಗೆ. "ಉಂಡೆ ಕಟ್ಟಿದ ಹಾಗೆ, ತಿಳೀತಾ?" ಎಂದಿದ್ದರು. ಕೋವಿಯನ್ನು ಹಿಡಿದು ಹೊರಗೆ ಹೋಗುವವರು ಗಂಡಸರು. ಮಳೆಗಾಲದಲ್ಲಿ ತುಕ್ಕು ಹಿಡಿಯದ ಹಾಗೆ ಎಣ್ಣೆ ಹಚ್ಚಿ ಒರೆಸುವವಳು ನಾನು. ಕೊಡಗಿನ ಮಳೆ ನಿಮಗೆ ಗೊತ್ತಲ್ಲ, ಪೆಟ್ಟಿಗೆಯಲ್ಲಿಟ್ಟ ರೇಷ್ಮೆ ಸೀರೆಗೂ ಬೂಷ್ಟು ಹಿಡಿಯುತ್ತದೆ. ಮೊದಲು ಕೋವಿಯನ್ನು ಮಡಿಸಿ, ಒಳಗೆ ತೋಟಾ ಇಲ್ಲವೆಂದು ಕಣ್ಣಲ್ಲಿ ನೋಡಿ, ಬೆರಳಲ್ಲಿ ಮುಟ್ಟಿ ನೋಡಬೇಕು. "ನಳಿಗೆಯೊಳಗಿಂದ ಆಕಾಶ ಕಾಣಬೇಕು ಮಗಳೇ, ಆಮೇಲೆಯೇ ಬಟ್ಟೆ ತೆಗೆದುಕೊ" ಎನ್ನುತ್ತಿದ್ದರು ಮಾವ. ತೋಟಾಗಳು ಬೇರೆ ಕಪಾಟಿನಲ್ಲಿ, ಬೇರೆ ಬೀಗದಲ್ಲಿ. ಮಾವ ತೀರಿಕೊಂಡು ಮೂರು ವರ್ಷವಾಯಿತು. ಅವರಿಗಾಗಿ ಎರಡು ಗುಂಡು ಹಾರಿದ್ದೂ ಅದೇ ಕೋವಿಯಿಂದ. ಆ ಸಂಜೆ ಅದನ್ನು ಒರೆಸಿ ಇಟ್ಟವಳೂ ನಾನೇ.

ಹೋದ ವರ್ಷ ಆಗಸ್ಟಿನಲ್ಲಿ ಒಂದು ಮಧ್ಯಾಹ್ನ ಹೀಗೆಯೇ ಒರೆಸುತ್ತ ಕೂತಿದ್ದೆ. ಒಲೆಯ ಮೇಲೆ ಹಾಲು ಉಕ್ಕಿದ ವಾಸನೆ ಬಂತು. ಕೋವಿಯನ್ನು ಗೋಡೆಗೆ ಒರಗಿಸಿ ಓಡಿದೆ. ಹಿಂದಿನಿಂದ ಠಣ್ ಎಂದು ಸದ್ದು. ತಿರುಗಿ ನೋಡಿದರೆ ಕೋವಿ ಜಾರಿ ಒರಳುಕಲ್ಲಿನ ಅಂಚಿಗೆ ಬಿದ್ದಿದೆ. ಎತ್ತಿ ಸೆರಗಿನಲ್ಲಿ ಒರೆಸಿ ನೋಡಿದರೆ ತುದಿಯ ಮಣಿ ಇಲ್ಲ! ಒಳಗೆ ಕೂತಿದ್ದ ತಿರುಪಿನ ತುಂಡು ಮಾತ್ರ ಅಕ್ಕಿಕಾಳಿನ ಮೊನೆಯಷ್ಟು ಮೇಲೆ ಕಾಣುತ್ತಿತ್ತು. ಮೂಗುಬೊಟ್ಟು ಕಳೆದುಕೊಂಡ ಮೂಗಿನ ಹಾಗೆ ಬೋಳಾಗಿತ್ತು ಕೋವಿ.

ಆಗ ನಾನು ಮಾಡಿದ್ದನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಸಂಜೆ ಯಜಮಾನರು ತೋಟದಿಂದ ಬಂದಾಗ "ಹೀಗಾಯಿತು" ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅದು ಅವರ ಅಪ್ಪನ ಕೋವಿ. ಬೈಯುವವರಲ್ಲ ಅವರು, ಆದರೆ ಮಾತಾಡದೆ ಎದ್ದು ಹೋಗುತ್ತಾರಲ್ಲ, ಅದು ಬೈಗುಳಕ್ಕಿಂತ ಕಷ್ಟ. ನಾನು ಮಗಳ ಹಳೆಯ ಗಿಲೀಟಿನ ಸರ ಹುಡುಕಿ ಅದರಿಂದ ಒಂದು ಮಣಿ ಕಿತ್ತೆ. ಚಪ್ಪಲಿಗೆ ಹಚ್ಚುವ, ಫಟ್ಟನೆ ಹಿಡಿಯುವ ಅಂಟು ಮನೆಯಲ್ಲಿತ್ತು. ಒಂದು ತೊಟ್ಟು ಹಾಕಿ ಅಂಟಿಸಿಬಿಟ್ಟೆ. ದೂರದಿಂದ ನೋಡಿದರೆ ಅಸಲಿಯೇ! ಕೋವಿ ಗೂಟದ ಮೇಲೆ ಹೋಯಿತು. ನನ್ನ ಹೊಟ್ಟೆಯೊಳಗಿನ ಕಲ್ಲು ಮಾತ್ರ ಅಲ್ಲಿಯೇ ಉಳಿಯಿತು.

ಆ ವರ್ಷ ನಮ್ಮೂರ ಸ್ಪರ್ಧೆಯಲ್ಲಿ ಹೆಂಗಸರಿಗೂ ಕೋವಿಯ ವಿಭಾಗ ಇಟ್ಟಿದ್ದರು. ಮೂವತ್ತು ಮೀಟರ್ ದೂರದಲ್ಲಿ ಸುಲಿದ ತೆಂಗಿನಕಾಯಿ. ಒಂದೇ ಗುಂಡಿರುವ ತೋಟಾ, ಮೂರು ಅವಕಾಶ. ಬಿ.ಕಾಂ. ಮುಗಿಸಿ ಮನೆಯಲ್ಲಿದ್ದ ಮಗಳು ಹೆಸರು ಕೊಟ್ಟಳು. "ಅಜ್ಜನ ಕೋವಿಯಲ್ಲೇ ಹೊಡೀತೇನೆ ಅಪ್ಪ" ಎಂದಾಗ ಯಜಮಾನರ ಮುಖ ಅರಳಿತು. ನನ್ನದು ಬಾಡಿತು. ಯಾರೂ ಗಮನಿಸಲಿಲ್ಲ.

ಒಂದು ಭಾನುವಾರ ಅಭ್ಯಾಸಕ್ಕೆ ಮೈದಾನದಲ್ಲಿ ವ್ಯವಸ್ಥೆ ಮಾಡಿದ್ದರು. ನಾನೂ ಹೋಗಿದ್ದೆ. ಮಗಳು ಕೋವಿಯ ಹಿಡಿಯನ್ನು ಹೆಗಲಿಗೆ ಒತ್ತಿ, ಕೆನ್ನೆ ತಾಗಿಸಿ, ಉಸಿರು ಹಿಡಿದು ಹೊಡೆದಳು. ಕಾಯಿಯ ಎಡಗಡೆ ಮಣ್ಣು ಹಾರಿತು. ಎರಡನೆಯದೂ ಎಡಕ್ಕೆ. ಮೂರನೆಯದೂ ಎಡಕ್ಕೆ. ಪಕ್ಕದಲ್ಲಿದ್ದ ನೆಂಟರೊಬ್ಬರು, "ಇದು ಹುಡುಗಿಯರ ಕೈಗೆ ಹಿಡಿಸುವ ವಸ್ತು ಅಲ್ಲ ಮಾರಾಯರೇ, ಹೊಡೆತಕ್ಕೆ ಹೆದರಿ ಕೈ ಎಳೆದುಕೊಳ್ತಾಳೆ" ಎಂದು ನಕ್ಕರು. ಮಗಳು ನಗಲಿಲ್ಲ. ಮನೆಗೆ ಬಂದವಳು ಕನ್ನಡಿಯ ಮುಂದೆ ನಿಂತು ಒಂದು ಕಣ್ಣು ಮುಚ್ಚಿ, ಇನ್ನೊಂದು ಮುಚ್ಚಿ ನೋಡಿಕೊಳ್ಳುತ್ತಿದ್ದಳು. "ಅಮ್ಮ, ನನ್ನ ಕಣ್ಣಲ್ಲೇ ಏನೋ ದೋಷ ಇದೆ. ಹೆಸರು ವಾಪಸ್ ತಗೊಳ್ತೇನೆ" ಎಂದಳು.

ಸೋದರಿಯರೇ, ನನ್ನ ತಪ್ಪನ್ನು ನನ್ನ ಮಗಳು ತನ್ನ ಕಣ್ಣಿನ ತಪ್ಪೆಂದು ಹೊತ್ತುಕೊಂಡಿದ್ದಳು. ಅದನ್ನು ನೋಡಿಯೂ ಸುಮ್ಮನಿದ್ದರೆ ನಾನು ತಾಯಿ ಹೇಗಾದೇನು?

ರಾತ್ರಿ ಊಟವಾದ ಮೇಲೆ ಯಜಮಾನರು, ಅತ್ತೆ, ಮಗಳು ಮೂವರ ಎದುರಿಗೂ ಹೇಳಿಬಿಟ್ಟೆ. ಹಾಲು ಉಕ್ಕಿದ್ದು, ಒರಳುಕಲ್ಲು, ಗಿಲೀಟಿನ ಮಣಿ, ಒಂದನ್ನೂ ಬಿಡದೆ. ಯಜಮಾನರು ಎದ್ದರು. ಎದ್ದು ಹೊರಗೆ ಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ. ಕೋವಿ ತಂದು, ಮಡಿಸಿ ಆಕಾಶದ ಬದಲು ದೀಪ ನೋಡಿ, ಮಣಿಯ ಹತ್ತಿರ ಟಾರ್ಚು ಹಿಡಿದರು. ಮುರಿದ ತುಂಡು ಓರೆಯಾಗಿ ಮೇಲೆ ಎದ್ದಿದ್ದರಿಂದ ನನ್ನ ಮಣಿ ಅದರ ಬಲಕ್ಕೆ ಜಾರಿ ಅಂಟಿತ್ತು.

"ಎಷ್ಟು ಸರಿದಿದೆ? ಎರಡು ಮಿಲಿಮೀಟರ್ ಅಷ್ಟೆ" ಎಂದೆ, ನನ್ನ ಪರವಾಗಿ ವಕಾಲತ್ತು ಮಾಡುವವಳ ಹಾಗೆ.

ಮಗಳು ಕಾಗದ, ಪೆನ್ಸಿಲ್ ತಂದಳು. ನನ್ನ ಹೊಲಿಗೆಯ ಟೇಪಿನಲ್ಲಿ ನಳಿಗೆ ಅಳೆದಳು, ೩೦ ಅಂಗುಲ. ಅಂದರೆ ಸುಮಾರು ಮುಕ್ಕಾಲು ಮೀಟರ್. ಕಾಯಿ ಇರುವುದು ಮೂವತ್ತು ಮೀಟರ್ ದೂರ, ನಳಿಗೆಯ ನಲವತ್ತು ಪಟ್ಟು. ಇಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ಅಲ್ಲಿ ನಾಲ್ಕು ಸೆಂಟಿಮೀಟರ್. ಎರಡು ತಪ್ಪಿದರೆ ಎಂಟು. ಕಾಯಿಯ ನಡುವಿನಿಂದ ಎಂಟು ಸೆಂಟಿಮೀಟರ್ ಸರಿದರೆ ಗುಂಡು ಸಿಗುವುದು ಮಣ್ಣಿಗೇ. ಮಣಿ ಬಲಕ್ಕಿದ್ದರೆ ಅದನ್ನು ಗುರಿಗೆ ತರಲು ನಳಿಗೆ ಎಡಕ್ಕೆ ತಿರುಗುತ್ತದೆ, ಗುಂಡು ಎಡಕ್ಕೆ ಹೋಗುತ್ತದೆ. "ಹಾಗಾದರೆ ನಾನು ಮೂರು ಸಲವೂ ಸರಿಯಾಗಿಯೇ ಹೊಡೆದಿದ್ದೆ!" ಎಂದು ಮಗಳು ಕುಣಿದುಬಿಟ್ಟಳು. ನನ್ನ ಮೇಲೆ ಅವಳಿಗೆ ಸಿಟ್ಟೇ ಬರಲಿಲ್ಲ. ಅದು ನನಗೆ ಇನ್ನಷ್ಟು ಚುಚ್ಚಿತು.

ಮರುದಿನ ಕಾಗದಪತ್ರ ಹಿಡಿದು, ಖಾಲಿ ಕೋವಿಯನ್ನು ಚೀಲದಲ್ಲಿ ಹಾಕಿ ಮಡಿಕೇರಿಗೆ ಹೋದೆವು. ಪರವಾನಗಿ ಇರುವ ಕೋವಿ ರಿಪೇರಿಯವರ ಅಂಗಡಿ. ವಯಸ್ಸಾದವರು. ಮುರಿದ ಮಣಿಯನ್ನು ಅವರು ನೋಡಲೇ ಇಲ್ಲ! ಮೊದಲು ನಳಿಗೆಯನ್ನು ಬೆಳಕಿಗೆ ಹಿಡಿದು ಒಳಗೆ ನೋಡಿದರು. "ಕಲ್ಲಿಗೆ ಬಿದ್ದದ್ದು ಅಂದಿರಲ್ಲ. ಒಳಗೆ ತಗ್ಗು ಬಿದ್ದಿದ್ದರೆ ಬೆಳಕಿನ ಬಳೆಯಲ್ಲಿ ನೆರಳು ಕಾಣುತ್ತದೆ. ಅಂಥ ಕೋವಿಯಲ್ಲಿ ಹೊಡೆಯಲೇಬಾರದು. ಬೀಳಿಸಿದ್ದನ್ನು ಹೇಳದೆ ಅಭ್ಯಾಸಕ್ಕೆ ಕೊಟ್ಟಿರಲ್ಲಮ್ಮ" ಎಂದರು. ನನ್ನ ಕೈಕಾಲು ತಣ್ಣಗಾಯಿತು. ಮಣಿಯ ಚಿಂತೆಯಲ್ಲಿ ಇದು ನನಗೆ ಹೊಳೆದೇ ಇರಲಿಲ್ಲ. ದೇವರು ದೊಡ್ಡವನು, ನಳಿಗೆ ನೆಟ್ಟಗಿತ್ತು.

ಹಬ್ಬ ಹತ್ತಿರ ಬಂದದ್ದರಿಂದ ಅವರ ಮುಂದೆ ಕೋವಿಗಳ ಸಾಲೇ ಇತ್ತು. "ಮಣಿ ಒಂದನ್ನು ನೀವೇ ಮನೆಯಲ್ಲಿ ಬದಲಾಯಿಸಿಕೊಳ್ಳಬಹುದು. ಮುರಿದ ತುಂಡನ್ನು ತೆಗೆದು ತನ್ನಿ, ಅದಕ್ಕೆ ಸರಿಯಾದ್ದು ಕೊಡುತ್ತೇನೆ. ಎಲ್ಲ ಕೋವಿಗೂ ಒಂದೇ ಮಣಿ ಅಲ್ಲ; ಅಮೆರಿಕದ್ದಕ್ಕೆ ಒಂದು ಮರೆ, ಯೂರೋಪಿನದಕ್ಕೆ ಇನ್ನೊಂದು ಮರೆ. ಹಾಕಿದ ಮೇಲೆ ನನಗೆ ತೋರಿಸದೆ ಹೊಡೆಯಬೇಡಿ" ಎಂದರು. ಜೊತೆಗೆ ಒಂದು ಎಚ್ಚರಿಕೆ: ಕುದುರೆ, ಫೈರಿಂಗ್ ಪಿನ್ನು, ಬೀಗದ ಒಳಗಿನ ಯಾವ ಭಾಗವನ್ನೂ ಮನೆಯಲ್ಲಿ ಮುಟ್ಟಬಾರದು. ಮೊಳೆಯನ್ನೋ ಛತ್ರಿಯ ಕಡ್ಡಿಯನ್ನೋ ಅರೆದು ಫೈರಿಂಗ್ ಪಿನ್ನು ಮಾಡುವ ಜಾಣರಿದ್ದಾರಂತೆ. ಅದರ ಮೊನೆ ಚೂಪಾದರೆ ತೋಟಾದ ಹಿಂದಿನ ಕೇಪು ತೂತಾಗಿ ಬಿಸಿ ಹೊಗೆ ಹೊಡೆಯುವವರ ಮುಖಕ್ಕೇ ಬರುತ್ತದೆ. ಉದ್ದವಾಗಿ ಮುಂದೆ ಸಿಕ್ಕಿಕೊಂಡರೆ, ಕೋವಿ ಮುಚ್ಚುವಾಗಲೇ ಗುಂಡು ಹಾರಬಹುದು. ಅದು ಪರವಾನಗಿ ಇದ್ದವರ ಕೆಲಸ. ಕಾನೂನೂ ಹಾಗೆಯೇ ಹೇಳುತ್ತದೆ.

ಇನ್ನು ಮನೆಯ ಕೆಲಸ. ಮೊದಲು ಆಕಾಶ ನೋಡಿದೆವು. ನನ್ನ ಗಿಲೀಟಿನ ಮಣಿಗೆ ಮಗಳ ಉಗುರುಬಣ್ಣ ಅಳಿಸುವ ದ್ರಾವಣವನ್ನು ಹತ್ತಿಯಲ್ಲಿ ಅದ್ದಿ ಇಟ್ಟೆ. ಸ್ವಲ್ಪ ಹೊತ್ತಿಗೆ ಅಂಟು ಮೆತ್ತಗಾಗಿ ಬಿಟ್ಟುಕೊಂಡಿತು. ತಿರುಪಿನ ತುಂಡಿನ ಸುತ್ತ ಹೊಲಿಗೆ ಯಂತ್ರದ ಎಣ್ಣೆ ಎರಡು ತೊಟ್ಟು ಬಿಟ್ಟು ರಾತ್ರಿಯಿಡೀ ಹಾಗೇ ಇಟ್ಟೆವು. ಬೆಳಿಗ್ಗೆ ಯಜಮಾನರು ತೆಳ್ಳನೆಯ ಅರದಿಂದ ತುಂಡಿನ ನೆತ್ತಿಯಲ್ಲಿ ಒಂದು ಗೀರು ಮಾಡಿದರು. ಅವರ ದಪ್ಪ ತಿರುಪುಳಿ ಅದರಲ್ಲಿ ಕೂರಲಿಲ್ಲ. ನನ್ನ ಹೊಲಿಗೆ ಯಂತ್ರದ ಡಬ್ಬಿಯಲ್ಲಿ ಬಾಬಿನ್ನಿನ ತಿರುಪಿಗೆಂದು ಪುಟ್ಟದೊಂದು ಇದೆಯಲ್ಲ, ಅದು ಸರಿಯಾಗಿ ಕೂತಿತು. "ನೀನೇ ತಿರುಗಿಸು, ನಿನ್ನ ಕೈ ಸಣ್ಣದು" ಎಂದರು ಯಜಮಾನರು. ಉಸಿರು ಬಿಗಿಹಿಡಿದು ಎಡಕ್ಕೆ ತಿರುಗಿಸಿದೆ. ಮೊದಲು ಜಪ್ಪಯ್ಯ ಎನ್ನಲಿಲ್ಲ. ಆಮೇಲೆ ಕೂದಲೆಳೆಯಷ್ಟು ಅಲುಗಿತು, ಮತ್ತೆ ಬಂದೇ ಬಂತು. ಅದನ್ನು ಕುಂಕುಮದ ಭರಣಿಯಲ್ಲಿ ಹಾಕಿ ಯಜಮಾನರು ಮಡಿಕೇರಿಗೆ ಒಯ್ದು, ಅದಕ್ಕೆ ಸರಿಹೊಂದುವ ಹೊಸ ಮಣಿ ತಂದರು.

ಹೊಸ ಮಣಿ ಸಲೀಸಾಗಿ ಕೂತಿತು. ಹಳದಿ ಬಂಗಾರದ ಹಾಗೆ ಹೊಳೆಯಿತು. "ಆಯ್ತಲ್ಲ, ಇನ್ನು ಗೂಟಕ್ಕೆ ಹಾಕು" ಎಂದರು ಇವರು. ಅಭ್ಯಾಸಬಲ ನೋಡಿ, ಗೂಟಕ್ಕೆ ಹಾಕುವ ಮುಂಚೆ ಉದ್ದ ಕಡ್ಡಿಗೆ ಬಿಳಿ ಬಟ್ಟೆ ಸುತ್ತಿ ನಳಿಗೆಯ ಒಳಗೆ ಎಳೆದೆ. ತುದಿಯ ಹತ್ತಿರ ಬಟ್ಟೆ ಒಂದಿಷ್ಟು ಹಿಡಿದುಕೊಂಡಿತು. ಹೊರಗೆ ತೆಗೆದರೆ ಒಂದು ನೂಲು ಎಳೆದು ಬಂದಿದೆ! ಇಷ್ಟು ವರ್ಷ ಒರೆಸಿದ ನಳಿಗೆ ಅದು. ಅಲ್ಲಿ ಎಂದೂ ಬಟ್ಟೆ ಹಿಡಿದದ್ದಿಲ್ಲ. "ರೀ, ಒಳಗೆ ಏನೋ ಮುಳ್ಳಿದೆ" ಎಂದೆ. ಟಾರ್ಚು ಬಿಟ್ಟು ನೋಡಿದರೆ ಮಣಿಯ ತಿರುಪು ಕೊಂಚ ಉದ್ದವಾಗಿ, ನಳಿಗೆಯ ಗೋಡೆ ದಾಟಿ ಒಳಕ್ಕೆ ಮೂತಿ ಹಾಕಿತ್ತು. ಎರಡು ನಳಿಗೆಯ ಕೋವಿಯಲ್ಲಿ ಮಣಿ ಕೂರುವುದು ನಡುವಿನ ಪಟ್ಟಿಯ ಮೇಲೆ. ನಮ್ಮದರ ಹಾಗೆ ಪಟ್ಟಿ ಇಲ್ಲದ ಒಂಟಿ ನಳಿಗೆಯಲ್ಲಿ ತೂತು ಒಳಗಿನವರೆಗೂ ಇರುತ್ತದೆ. ಗುಂಡು ಹೋಗುವ ದಾರಿಯಲ್ಲಿ ತಿರುಪು ಚಾಚಿಕೊಂಡಿರಬಾರದು. ಮಣಿ ಬಿಚ್ಚಿ, ಇಕ್ಕಳದಲ್ಲಿ ಹಿಡಿದು, ಅರದಿಂದ ತಿರುಪಿನ ತುದಿಯನ್ನು ಸ್ವಲ್ಪ ಸ್ವಲ್ಪವೇ ಉಜ್ಜಿ, ಮತ್ತೆ ಹಾಕಿ ಬಟ್ಟೆ ಎಳೆದು ನೋಡಿದೆವು. ಮೂರನೇ ಸಲಕ್ಕೆ ಬಟ್ಟೆ ಬೆಣ್ಣೆಯ ಮೇಲೆ ಜಾರಿದ ಹಾಗೆ ಬಂತು. ಆಮೇಲೆ ಕೊನೆಯ ಬಾರಿ ಬಿಚ್ಚಿ, ಮರೆಯಲ್ಲಿದ್ದ ಎಣ್ಣೆ ಒರೆಸಿ, ಹೊಡೆತಕ್ಕೆ ಸಡಿಲವಾಗದಿರಲಿ ಎಂದು ಒಂದು ಚುಕ್ಕೆ ಉಗುರುಬಣ್ಣ ತಾಗಿಸಿ ಬಿಗಿ ಮಾಡಿದೆವು.

ಅಂಗಡಿಯ ಹಿರಿಯರು ಒಳಗೂ ಹೊರಗೂ ನೋಡಿ, "ತಿರುಪು ಉದ್ದವಾದದ್ದನ್ನು ಹಿಡಿದವರು ಯಾರು?" ಎಂದು ಕೇಳಿದರು. ಯಜಮಾನರು ನನ್ನ ಕಡೆ ಕೈ ತೋರಿಸಿದರು. "ಒರೆಸುವವರಿಗೇ ಕೋವಿ ಗೊತ್ತಿರೋದು" ಎಂದರು ಅವರು. ಮಣಿಗೆ ದುಡ್ಡು ತೆಗೆದುಕೊಂಡರು, ನೋಡಿದ್ದಕ್ಕೆ ತೆಗೆದುಕೊಳ್ಳಲಿಲ್ಲ.

ಹಬ್ಬ ಮುಗಿದ ಭಾನುವಾರ ಸ್ಪರ್ಧೆ. ಮಗಳ ಮೊದಲ ಗುಂಡು ಕಾಯಿಯ ಮೇಲಿಂದ ಹೋಯಿತು. ಅದು ಮಣಿಯದಲ್ಲ, ಅವಳದೇ ತಪ್ಪು. ಅವಳೇ ಹಾಗೆಂದು ನಕ್ಕಳು! ಎರಡನೆಯದಕ್ಕೆ ಕಾಯಿ ಚೂರುಚೂರಾಗಿ ಎಳನೀರಿನ ಹಾಗೆ ನೀರು ಚಿಮ್ಮಿತು. ಮೂರನೆಯದು ಕಾಯಿಯ ಅಂಚು ಸವರಿತು. ಬಹುಮಾನ ಬರಲಿಲ್ಲ, ಮೂರಕ್ಕೆ ಮೂರೂ ಹೊಡೆದ ಹುಡುಗಿಯೊಬ್ಬಳು ಬೇರೆ ಇದ್ದಳು. ಇದರಲ್ಲಿ ಹೆಣ್ಣುಮಕ್ಕಳು ಕಮ್ಮಿ ಎನ್ನುವವರಿಗೆ ನಾನು ಈಗ ಒಂದೇ ಮಾತು ಹೇಳುತ್ತೇನೆ: ೨೦೧೮ರ ಕಾಮನ್‌ವೆಲ್ತ್ ಕ್ರೀಡೆಯಲ್ಲಿ ಬಿಹಾರದ ಶ್ರೇಯಸಿ ಸಿಂಗ್ ಚಿನ್ನ ಗೆದ್ದದ್ದು ಇಂಥದೇ ಹನ್ನೆರಡು ಬೋರಿನ ಕೋವಿಯಲ್ಲಿ, ಅದೂ ಹಾರುವ ಗುರಿಗೆ.

ಮನೆಗೆ ಬಂದಾಗ ಅತ್ತೆ ಜಗಲಿಯಲ್ಲಿ ಕೂತಿದ್ದರು. ಮಗಳು ಒಡೆದ ಕಾಯಿಯ ಹೋಳೊಂದನ್ನು ತಂದು ಅವರ ಮಡಿಲಿಗೆ ಹಾಕಿದಳು. ಅತ್ತೆ ಅದನ್ನು ತಿರುಗಿಸಿ ನೋಡಿದರು. ನನ್ನ ಕಡೆ ನೋಡದೆಯೇ, "ಇವಳು ಹುಟ್ಟಿದ ದಿನ ಗುಂಡು ಹೊಡೀಲಿಲ್ಲ ಅಂತ ನಿನಗೆ ಇತ್ತು, ನನಗೆ ಗೊತ್ತು. ಹೋಗಲಿ, ಅವಳ ಗುಂಡನ್ನು ಅವಳೇ ಹೊಡಕೊಂಡಳು" ಎಂದರು. ೨೨ ವರ್ಷ ನಾನು ಆಡದೆ ಇಟ್ಟುಕೊಂಡಿದ್ದ ಮಾತು ಅವರಿಗೂ ಗೊತ್ತಿತ್ತು! ನನಗೆ ಉತ್ತರ ಬರಲಿಲ್ಲ. ಕಾಯಿಹೋಳು ತೆಗೆದುಕೊಂಡು ಒಳಗೆ ಹೋದೆ. ಆ ರಾತ್ರಿಯ ಚಟ್ನಿಗೆ ಅದೇ ಕಾಯಿ.

ಸೋದರಿಯರೇ, ನಿಮ್ಮ ಮನೆಯಲ್ಲಿ ಕೋವಿ ಇರಲಿಕ್ಕಿಲ್ಲ. ಆದರೆ ನೀವು ದಿನಾ ಒರೆಸುವ, ತೊಳೆಯುವ, ಎಣ್ಣೆ ಹಾಕುವ ವಸ್ತುಗಳು ಇದ್ದೇ ಇವೆ. ಅವುಗಳ ಗುಟ್ಟು ನಿಮ್ಮ ಕೈಗೆ ಗೊತ್ತು, ನಿಮಗೇ ಗೊತ್ತಿಲ್ಲದ ಹಾಗೆ. ಏನಾದರೂ ಮುರಿದರೆ ಆ ಹೊತ್ತಿಗೇ ಹೇಳಿಬಿಡಿ. ಯಾವುದು ನಿಮ್ಮಿಂದ ಆಗುವ ಕೆಲಸ, ಯಾವುದು ಬಲ್ಲವರ ಕೈಗೆ ಕೊಡಬೇಕಾದದ್ದು ಎಂದು ಕೇಳಿ ತಿಳಿಯಿರಿ. ಅಂಟು ಹಾಕಿ ಮುಚ್ಚಿಡಬೇಡಿ. ಮುಚ್ಚಿಟ್ಟ ಎರಡು ಮಿಲಿಮೀಟರ್ ದೂರ ಹೋದ ಹಾಗೆಲ್ಲ ದೊಡ್ಡದಾಗುತ್ತದೆ. ತಾಗುವುದು ಮಾತ್ರ ನಾವು ನೆನೆಸದವರಿಗೆ.

ಮೊನ್ನೆ ಮತ್ತೆ ಎಣ್ಣೆ ಹಚ್ಚಲು ಕೂತೆ. ಈ ಸಲ ಮಗಳೂ ಪಕ್ಕದಲ್ಲಿ ಬಂದು ಕೂತಳು. ಕೋವಿ ಮಡಿಸಿ ಅವಳ ಕೈಗೆ ಕೊಟ್ಟು, "ಮೊದಲು ಆಕಾಶ ನೋಡು" ಎಂದೆ.